ಓದುಗರ ಪ್ರಶ್ನೆ, ನಮ್ಮ ಉತ್ತರ: ಶಾಖೆಯ ಹೆಸರು ನೋಡಬೇಕೇ, ಪಠ್ಯಕ್ರಮ ನೋಡಬೇಕೇ?

ಹನ್ನೆರಡನೆಯ ತರಗತಿಯ ಅಂಕಪಟ್ಟಿ ಕೈಗೆ ಬಂದು ಎಂಜಿನಿಯರಿಂಗ್ ಪ್ರವೇಶದ ಸುತ್ತುಗಳು ಆರಂಭವಾಗುವ ಈ ದಿನಗಳಲ್ಲಿ ಅಂಕಣಕ್ಕೆ ಬಂದ ಪತ್ರಗಳ ಪೈಕಿ ಹೆಚ್ಚಿನವು ಕಂಪ್ಯೂಟರ್ ಸೈನ್ಸ್ ಮತ್ತು ಕೃತಕ ಬುದ್ಧಿಮತ್ತೆಯ ಓದಿಗೆ ಸಂಬಂಧಿಸಿದವು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ, ಬರೆದವರ ಹೆಸರುಗಳನ್ನು ಕೈಬಿಟ್ಟು, ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನನ್ನ ಮಗಳು ಈ ವರ್ಷ ಮಹಾರಾಷ್ಟ್ರದ ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಯಾದ ಎಂಎಚ್‌ಟಿ-ಸಿಇಟಿ ಬರೆದಿದ್ದಾಳೆ. ಅವಳಿಗೆ ಬಂದಿರುವ ಪರ್ಸೆಂಟೈಲ್‌ಗೆ ಮನೆಯ ಹತ್ತಿರದ ಹೊಸ ಕಾಲೇಜಿನಲ್ಲಿ ಆರ್ಟಿಫಿಶಿಯಲ್ ಇಂಟೆಲಿಜೆನ್ಸ್ ಅಂಡ್ ಡೇಟಾ ಸೈನ್ಸ್ ಶಾಖೆಯೂ, ಮುಂಬಯಿಯ ಹಳೆಯ ಕಾಲೇಜೊಂದರಲ್ಲಿ ಇನ್ಫರ್ಮೇಶನ್ ಟೆಕ್ನಾಲಜಿಯೂ ಸಿಗುವ ಸಂಭವವಿದೆ. ಪದವಿಯ ಹೆಸರಿನಲ್ಲಿ ಎಐ ಇದ್ದರೆ ಕೆಲಸ ಖಚಿತ ಎಂದು ನೆಂಟರಿಷ್ಟರೆಲ್ಲ ಹೇಳುತ್ತಾರೆ. ನಮ್ಮ ಊರು ಕುಂದಾಪುರದ ಕಡೆ. ಕರ್ನಾಟಕದಲ್ಲೇ ಓದಿಸಬಹುದಿತ್ತೇ ಎಂಬ ಯೋಚನೆಯೂ ಇದೆ. ದಯವಿಟ್ಟು ದಾರಿ ತೋರಿಸಿ. (ಡೊಂಬಿವಲಿಯ ತಂದೆಯೊಬ್ಬರು)

ಉತ್ತರ: ಆಯ್ಕೆಪಟ್ಟಿಯಲ್ಲಿ ಹಳೆಯ ಕಾಲೇಜಿನ ಇನ್ಫರ್ಮೇಶನ್ ಟೆಕ್ನಾಲಜಿಯನ್ನು ಮೇಲಿಡಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಈ ಗೊಂದಲ ಈ ಬಾರಿ ಎಷ್ಟೋ ಮನೆಗಳಲ್ಲಿ ಇರುವುದರಿಂದ ಕಾರಣವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

1956ರ ಬೇಸಿಗೆಯಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಜಾನ್ ಮೆಕಾರ್ಥಿ ಮತ್ತು ಸಂಗಡಿಗರು ನಡೆಸಿದ ಕಮ್ಮಟದಿಂದ ಈ ಕ್ಷೇತ್ರಕ್ಕೆ ಒಂದು ಹೆಸರೂ ಗುರುತೂ ಬಂದಿತಾದರೂ, ಅಂದಿನಿಂದ ಇಂದಿನವರೆಗೆ ಅದು ಗಣಿತ ಮತ್ತು ಗಣಕ ವಿಜ್ಞಾನಗಳ ಆಸರೆಯಲ್ಲೇ ಬೆಳೆದು ಬಂದಿದೆ. ನಮ್ಮ ದೇಶದಲ್ಲಿ ಅದಕ್ಕೆಂದೇ ಪ್ರತ್ಯೇಕ ಬಿ.ಟೆಕ್. ಪದವಿ ಕಾಣಿಸಿಕೊಂಡದ್ದು ತೀರ ಈಚೆಗೆ. ಐಐಟಿಗಳ ಪೈಕಿ ಹೈದರಾಬಾದಿನದು 2019ರಲ್ಲಿ ಮೊದಲು ಆರಂಭಿಸಿತು. ಅಂದರೆ ಇಂದು ಈ ಕ್ಷೇತ್ರದ ಮುಂಚೂಣಿಯಲ್ಲಿರುವ ಹಿರಿಯರಲ್ಲಿ ಹೆಚ್ಚಿನವರು ಆ ಹೆಸರಿನ ಮೊದಲ ಪದವಿ ಪಡೆದು ಅಲ್ಲಿಗೆ ಬಂದವರಲ್ಲ. ಕೃತಕ ಬುದ್ಧಿಮತ್ತೆಯ ಕೆಲಸಕ್ಕಾಗಿ ಗಣಕ ವಿಜ್ಞಾನದ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿಯನ್ನು 1994ರಲ್ಲಿ ಪಡೆದ ರಾಜ್ ರೆಡ್ಡಿಯವರು ಮದ್ರಾಸಿನ ಗಿಂಡಿ ಕಾಲೇಜಿನಲ್ಲಿ ಓದಿದ್ದು ಸಿವಿಲ್ ಎಂಜಿನಿಯರಿಂಗ್. 2024ರ ಭೌತವಿಜ್ಞಾನದ ನೊಬೆಲ್ ಹಂಚಿಕೊಂಡ ಜೆಫ್ರಿ ಹಿಂಟನ್ ಅವರ ಮೊದಲ ಪದವಿ ಪ್ರಾಯೋಗಿಕ ಮನಶ್ಶಾಸ್ತ್ರದ್ದು. ಹಾಗೆಂದು ಮಗಳನ್ನು ಸಿವಿಲ್‌ಗೆ ಸೇರಿಸಿ ಎಂದು ಯಾರೂ ಅರ್ಥ ಮಾಡಿಕೊಳ್ಳಬಾರದು. ಪದವಿಪತ್ರದ ಮೇಲಿನ ಶಾಖೆಯ ಹೆಸರಿಗೆ ನೆಂಟರು ಕೊಡುತ್ತಿರುವಷ್ಟು ಬೆಲೆ ಇಲ್ಲ ಎಂಬುದಷ್ಟೇ ನನ್ನ ಮಾತು.

ಹಾಗಾದರೆ ಏನನ್ನು ನೋಡಬೇಕು? ವಿಶ್ವವಿದ್ಯಾಲಯದ ಜಾಲತಾಣದಲ್ಲಿ, ಸ್ವಾಯತ್ತ ಕಾಲೇಜಾದರೆ ಕಾಲೇಜಿನದೇ ಜಾಲತಾಣದಲ್ಲಿ, ನಾಲ್ಕೂ ವರ್ಷಗಳ ಪಠ್ಯಕ್ರಮ ಸಿಗುತ್ತದೆ. ಎರಡೂ ಶಾಖೆಗಳದನ್ನು ಇಳಿಸಿಕೊಂಡು, ಮಗಳ ಜೊತೆ ಕುಳಿತು, ಸೆಮಿಸ್ಟರಿಗೊಂದರಂತೆ ಅಕ್ಕಪಕ್ಕ ಇಟ್ಟು ಓದಿ. ಮೊದಲ ವರ್ಷದ ಗಣಿತ, ಆಮೇಲೆ ಡಿಸ್‌ಕ್ರೀಟ್ ಮ್ಯಾಥಮ್ಯಾಟಿಕ್ಸ್, ಡೇಟಾ ಸ್ಟ್ರಕ್ಚರ್, ಅಲ್ಗಾರಿದಮ್, ಡೇಟಾಬೇಸ್, ಆಪರೇಟಿಂಗ್ ಸಿಸ್ಟಮ್, ನೆಟ್‌ವರ್ಕ್ ಇವು ಸಾಮಾನ್ಯವಾಗಿ ಎರಡರಲ್ಲೂ ಇರುತ್ತವೆ. ನಿಜವಾದ ವ್ಯತ್ಯಾಸ ಮೂರನೆಯ ವರ್ಷದಿಂದ ಮೇಲೆ ಕಾಣಿಸುತ್ತದೆ. ಮಷಿನ್ ಲರ್ನಿಂಗ್ (ದತ್ತಾಂಶದಿಂದ ಯಂತ್ರ ತಾನೇ ಕಲಿಯುವ ವಿಧಾನ) ಪತ್ರಿಕೆಗಳಿಗೆ ಜಾಗ ಮಾಡಿಕೊಡಲು ಕೆಲವು ಕಡೆ ಕಂಪೈಲರ್ ಅಥವಾ ಗಣನಾ ಸಿದ್ಧಾಂತವನ್ನು ತೆಗೆದುಹಾಕಿರುತ್ತಾರೆ. ಅದಕ್ಕಿಂತ ಕೆಟ್ಟದ್ದೆಂದರೆ, ಸಂಭವನೀಯತೆ ಮತ್ತು ರೇಖೀಯ ಬೀಜಗಣಿತವನ್ನು ಸರಿಯಾಗಿ ಕಲಿಸುವ ಮೊದಲೇ ಡೀಪ್ ಲರ್ನಿಂಗ್ ಎಂಬ ಪತ್ರಿಕೆ ಬಂದು ಕುಳಿತಿರುವುದು. ಅಂಥ ಪಠ್ಯಕ್ರಮ ಕಂಡರೆ ಶಾಖೆಯ ಹೆಸರು ಎಷ್ಟು ಆಕರ್ಷಕವಾಗಿದ್ದರೂ ದೂರವಿರಿ.

ಈ ಮಾತಿಗೆ ಸರ್ಕಾರಿ ಪುರಾವೆಯೇ ಇದೆ. ಸ್ನಾತಕೋತ್ತರ ಎಂಜಿನಿಯರಿಂಗ್ ಪ್ರವೇಶದ ಗೇಟ್ ಪರೀಕ್ಷೆಯಲ್ಲಿ 2024ರಿಂದ ಡೇಟಾ ಸೈನ್ಸ್ ಮತ್ತು ಕೃತಕ ಬುದ್ಧಿಮತ್ತೆಗೆಂದು ಹೊಸ ಪತ್ರಿಕೆ ಬಂದಿದೆ. ಅದರ ಪಠ್ಯಕ್ರಮ ಆರಂಭವಾಗುವುದು ಸಂಭವನೀಯತೆ ಮತ್ತು ಸಂಖ್ಯಾಶಾಸ್ತ್ರದಿಂದ. ನಂತರ ರೇಖೀಯ ಬೀಜಗಣಿತ, ಕಲನಶಾಸ್ತ್ರ, ಪ್ರೋಗ್ರಾಮಿಂಗ್ ಮತ್ತು ಅಲ್ಗಾರಿದಮ್, ಡೇಟಾಬೇಸ್. ಮಷಿನ್ ಲರ್ನಿಂಗ್ ಮತ್ತು ಎಐ ಬರುವುದು ಕಟ್ಟಕಡೆಗೆ. ಇಷ್ಟು ಗಣಿತ ಏಕೆ ಬೇಕೆಂಬುದಕ್ಕೆ ಒಂದು ಲೆಕ್ಕ ಹೇಳುತ್ತೇನೆ. ಸಾವಿರ ಎಕ್ಸ್‌ರೇಗಳಲ್ಲಿ ಹತ್ತರಲ್ಲಿ ಮಾತ್ರ ರೋಗದ ಗುರುತಿದೆ ಎಂದುಕೊಳ್ಳಿ. ಯಾವ ಚಿತ್ರವನ್ನೂ ನೋಡದೆ ಎಲ್ಲದಕ್ಕೂ ‘ರೋಗವಿಲ್ಲ’ ಎಂದು ಹೇಳುವ ಪ್ರೋಗ್ರಾಂ ಸಾವಿರಕ್ಕೆ 990 ಸರಿಯುತ್ತರ ಕೊಡುತ್ತದೆ. 99 ಶೇಕಡಾ ನಿಖರತೆ ಎಂದು ಅದನ್ನು ಮಾರಬಹುದು, ಆದರೆ ಒಬ್ಬ ರೋಗಿಯನ್ನೂ ಅದು ಗುರುತಿಸಿರುವುದಿಲ್ಲ. ಮಷಿನ್ ಲರ್ನಿಂಗ್‌ನ ತಯಾರಾದ ಸಲಕರಣೆಗಳನ್ನು ಓಡಿಸಲು ಮಾತ್ರ ಕಲಿತವರು ಆ 99ನ್ನು ಕಂಡು ಸಂತೋಷಪಡುತ್ತಾರೆ. ಸಂಖ್ಯಾಶಾಸ್ತ್ರ ಕಲಿತವರು ಆ ಹತ್ತು ಮಂದಿ ಎಲ್ಲಿ ಹೋದರು ಎಂದು ಕೇಳುತ್ತಾರೆ.

ಇನ್ನು ಕಾಲೇಜಿನ ವಿಷಯ. ಹೊಸ ಶಾಖೆಯಿಂದ ಒಂದು ತಂಡವಾದರೂ ಪದವಿ ಮುಗಿಸಿ ಹೊರಬಂದಿದೆಯೇ, ಆ ಶಾಖೆಗೆ ಕಾಯಂ ಅಧ್ಯಾಪಕರು ಎಷ್ಟು ಮಂದಿ, ಅವರಲ್ಲಿ ಬೇರೆ ಶಾಖೆಯಿಂದ ಎರವಲು ಬಂದವರೆಷ್ಟು ಎಂದು ನೇರವಾಗಿ ಕೇಳಿ. ಸಾಧ್ಯವಾದರೆ ಗ್ರಂಥಾಲಯದಲ್ಲಿ ಕಳೆದ ವರ್ಷದ ಅಂತಿಮ ಪ್ರಾಜೆಕ್ಟ್ ವರದಿಗಳನ್ನು ತೆಗೆಸಿ ನೋಡಿ. ಒಂದೇ ವಿಷಯದ ಮೇಲೆ ನಾಲ್ಕಾರು ವರದಿಗಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿದ್ದರೆ ಅಲ್ಲಿ ಹೇಗೆ ಕಲಿಸುತ್ತಾರೆಂಬುದು ಯಾರೂ ಹೇಳದೆಯೇ ತಿಳಿಯುತ್ತದೆ. ಇನ್ಫರ್ಮೇಶನ್ ಟೆಕ್ನಾಲಜಿಗೆ ಸೇರಿದ ವಿದ್ಯಾರ್ಥಿನಿ ಎಐ ಕಲಿಯುವ ಅವಕಾಶ ಕಳೆದುಕೊಳ್ಳುವುದಿಲ್ಲ: ಐಚ್ಛಿಕ ಪತ್ರಿಕೆಗಳಿರುತ್ತವೆ, ಹೆಚ್ಚುವರಿ ಕ್ರೆಡಿಟ್ ಗಳಿಸಿ ಆ ವಿಷಯದಲ್ಲಿ ಆನರ್ಸ್ ಅಥವಾ ಮೈನರ್ ಪಡೆಯುವ ಸೌಲಭ್ಯವೂ ಅನೇಕ ಕಾಲೇಜುಗಳಲ್ಲಿದೆ.

ಕ್ಯಾಪ್ (ಕೇಂದ್ರೀಕೃತ ಪ್ರವೇಶ) ಸುತ್ತಿನಲ್ಲಿ ಆಯ್ಕೆಗಳನ್ನು ತುಂಬುವಾಗ ‘ಸಿಗುವುದು ಯಾವುದು’ ಎಂದು ಲೆಕ್ಕ ಹಾಕದೆ, ‘ಬೇಕಾದದ್ದು ಯಾವುದು’ ಎಂಬ ಕ್ರಮದಲ್ಲೇ ಬರೆಯಿರಿ. ಮೊದಲ ಸುತ್ತಿನಲ್ಲಿ ಮೊದಲ ಆಯ್ಕೆಯೇ ಸಿಕ್ಕಿಬಿಟ್ಟರೆ ಮುಂದಿನ ಸುತ್ತಿಗೆ ಹೋಗಲು ಬರುವುದಿಲ್ಲ; ಆದ್ದರಿಂದ ಸುರಕ್ಷಿತವೆಂದು ಮೇಲೆ ಬರೆದ ಹೆಸರೇ ಕೊರಳಿಗೆ ಬೀಳಬಹುದು.

ಕರ್ನಾಟಕದ ವಿಚಾರ: ಈ ವರ್ಷ ಅಲ್ಲಿನ ಸಿಇಟಿ ಬರೆಯದಿದ್ದರೆ ಸರ್ಕಾರಿ ಕೋಟಾದ ಆ ದಾರಿ ಸದ್ಯಕ್ಕೆ ಮುಚ್ಚಿದೆ. ಆದರೆ ಕಿರಿಯ ಮಕ್ಕಳಿದ್ದರೆ ಈಗಲೇ ತಿಳಿದಿರಲಿ, ಅಲ್ಲಿನ ನಿಯಮಗಳಲ್ಲಿ ಹೊರನಾಡು ಕನ್ನಡಿಗರಿಗೂ ಗಡಿನಾಡು ಕನ್ನಡಿಗರಿಗೂ ಪ್ರತ್ಯೇಕ ಅವಕಾಶವಿದ್ದು, ಅವರಿಗಾಗಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಕನ್ನಡ ಭಾಷಾ ಪರೀಕ್ಷೆಯನ್ನು ನಡೆಸುತ್ತದೆ. ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಮಾತನಾಡುತ್ತ ಬೆಳೆದು, ಕನ್ನಡ ಅಕ್ಷರವನ್ನೇ ಕಲಿಯದ ನಮ್ಮ ಮಕ್ಕಳು ಎಡವುವುದು ಇಲ್ಲಿಯೇ. ಬೇಕಾದ ಪ್ರಮಾಣಪತ್ರಗಳ ಪಟ್ಟಿಯನ್ನು ಪ್ರಾಧಿಕಾರದ ಆ ವರ್ಷದ ಮಾಹಿತಿ ಪುಸ್ತಿಕೆಯಲ್ಲೇ ನೋಡಿಕೊಳ್ಳಿ, ಬಾಯಿಮಾತನ್ನು ನಂಬಬೇಡಿ.

ಪ್ರಶ್ನೆ: ನನಗೆ ಗಣಿತವೆಂದರೆ ಹೆದರಿಕೆ. ಗಣಿತವಿಲ್ಲದೆ ಎಐ ಕಲಿಯಬಹುದೇ? (ಪುಣೆ, ಹನ್ನೊಂದನೆಯ ತರಗತಿ)

ಉತ್ತರ: ಬಳಸಬಹುದು, ಕಲಿಯಲಾಗದು. ಹೆದರಿಕೆ ಬೇರೆ, ಆಗದಿರುವುದು ಬೇರೆ. ಹನ್ನೊಂದನೆಯ ತರಗತಿಯಲ್ಲಿ ಇನ್ನೂ ಸಮಯವಿದೆ. ಮಾತೃಕೆಗಳು, ಅವಕಲನ, ಸಂಭವನೀಯತೆ ಈ ಮೂರು ಅಧ್ಯಾಯಗಳನ್ನು ಕೋಚಿಂಗ್ ಕ್ಲಾಸಿನವರ ಕಿರುದಾರಿಗಳಿಂದ ಅಲ್ಲ, ಪಠ್ಯಪುಸ್ತಕದಿಂದಲೇ ಓದಿ, ಪ್ರತಿ ಲೆಕ್ಕವನ್ನೂ ಕೈಯಿಂದ ಮಾಡಿ. ಎಂಎಚ್‌ಟಿ-ಸಿಇಟಿಯ 200 ಅಂಕಗಳಲ್ಲಿ 100 ಗಣಿತದ್ದೇ ಆಗಿರುವುದರಿಂದ ಆ ಶ್ರಮ ಪ್ರವೇಶಕ್ಕೂ ಒದಗುತ್ತದೆ.

ಪ್ರಶ್ನೆ: ನಾನು ಥಾಣೆಯ ಒಂದು ಉಡುಪಿ ಹೋಟೆಲಿನ ಕೌಂಟರಿನಲ್ಲಿ ಕೆಲಸ ಮಾಡುತ್ತೇನೆ. ಕಾಮರ್ಸಿನಲ್ಲಿ ಹನ್ನೆರಡನೆಯ ತರಗತಿ ಪಾಸಾಗಿ ಓದು ನಿಂತಿತು. ಕೆಲಸ ಬಿಡದೆ ಈ ವಿಷಯದಲ್ಲಿ ಪದವಿ ಪಡೆಯುವ ದಾರಿಯಿದೆಯೇ? ಆರು ತಿಂಗಳಲ್ಲಿ ಎಐ ಎಂಜಿನಿಯರ್ ಮಾಡಿ ಕೆಲಸವನ್ನೂ ಕೊಡಿಸುತ್ತೇವೆ ಎಂಬ ಜಾಹೀರಾತು ಮೊಬೈಲಿಗೆ ದಿನವೂ ಬರುತ್ತದೆ.

ಉತ್ತರ: ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದ ಕನ್ನಡಿಗರ ಎರಡು ಮೂರು ತಲೆಮಾರುಗಳನ್ನು ಮುಂಬಯಿ ಕಂಡಿದೆ. ನಿಮಗೆ ಆ ದಾರಿ ಇಂದು ಹಿಂದಿಗಿಂತ ಅಗಲವಾಗಿದೆ. ಐಐಟಿ ಮದ್ರಾಸ್ 2021ರಲ್ಲಿ ಆರಂಭಿಸಿದ ಡೇಟಾ ಸೈನ್ಸ್ ಬಿ.ಎಸ್. ಪದವಿಗೆ ಜೆಇಇ ಬೇಕಿಲ್ಲ. ಹತ್ತನೆಯ ತರಗತಿಯಲ್ಲಿ ಗಣಿತ ಮತ್ತು ಇಂಗ್ಲಿಷ್ ಓದಿದ್ದು, ಹನ್ನೆರಡನೆಯದನ್ನು ಯಾವ ವಿಭಾಗದಲ್ಲಿ ಮುಗಿಸಿದ್ದರೂ ಅರ್ಜಿ ಹಾಕಬಹುದು. ಮೊದಲಿಗೆ ನಾಲ್ಕು ವಾರಗಳ ಪಾಠವನ್ನು ಕಲಿತು ಅರ್ಹತಾ ಪರೀಕ್ಷೆ ಬರೆಯಬೇಕು. ಅದರಲ್ಲಿ ತೇರ್ಗಡೆಯಾದರೆ ಬುನಾದಿ ಹಂತಕ್ಕೆ ಪ್ರವೇಶ. ಆ ಹಂತದಲ್ಲಿ ಗಣಿತ, ಸಂಖ್ಯಾಶಾಸ್ತ್ರ, ಪೈಥಾನ್ ಪ್ರೋಗ್ರಾಮಿಂಗ್, ಗಣನಾತ್ಮಕ ಚಿಂತನೆ ಮತ್ತು ಇಂಗ್ಲಿಷ್ ಇರುತ್ತವೆ. ಪಾಠಗಳನ್ನು ಮನೆಯಲ್ಲೇ ನೋಡಬಹುದಾದರೂ ಮುಖ್ಯ ಪರೀಕ್ಷೆಗಳನ್ನು ಕೇಂದ್ರಕ್ಕೆ ಹೋಗಿಯೇ ಬರೆಯಬೇಕು. ಪೂರ್ತಿ ಪದವಿ ಮುಗಿಸಲಾಗದಿದ್ದರೆ ನಡುವೆ ಡಿಪ್ಲೊಮಾ ಪಡೆದು ನಿಲ್ಲುವ ಅವಕಾಶವಿದೆ. ಅದು ಸುಲಭವಲ್ಲ ಎಂಬುದನ್ನೂ ಹೇಳಬೇಕು: ವಾರವಾರವೂ ಅಸೈನ್‌ಮೆಂಟ್ ಸಲ್ಲಿಸುತ್ತಿರಬೇಕಾಗುತ್ತದೆ, ಕೌಂಟರಿನ ಪಾಳಿ ಯಾವ ಹೊತ್ತಿಗೆ ಬರುತ್ತದೆ ಎಂಬುದನ್ನು ಮಾಲೀಕರ ಜೊತೆ ಮೊದಲೇ ಮಾತನಾಡಿಕೊಳ್ಳದಿದ್ದರೆ ಎರಡನೆಯ ತಿಂಗಳಲ್ಲೇ ಹಿಂದೆ ಬೀಳುತ್ತೀರಿ. ಇದು ಭಾರವೆನಿಸಿದರೆ ದೂರಶಿಕ್ಷಣದ ವಿಶ್ವವಿದ್ಯಾಲಯವಾದ ಇಗ್ನೋದ ಬಿಸಿಎ ಇದೆ.

ಯಾವುದಕ್ಕೂ ಹಣ ಕಟ್ಟುವ ಮೊದಲು ಐಐಟಿ ಮುಂತಾದವುಗಳ ಆನ್‌ಲೈನ್ ಪಾಠಗಳ ತಾಣವಾದ ಎನ್‌ಪಿಟೆಲ್‌ನಲ್ಲಿ ಉಚಿತವಾಗಿ ಸಿಗುವ ಪ್ರೋಗ್ರಾಮಿಂಗ್ ಪಾಠಗಳಲ್ಲಿ ಒಂದನ್ನು ಪೂರ್ತಿ ನೋಡಿ, ಅಭ್ಯಾಸಗಳನ್ನು ಮಾಡಿ, ಈ ಕೆಲಸ ಮನಸ್ಸಿಗೆ ಹಿಡಿಸುತ್ತದೆಯೇ ಎಂದು ಪರೀಕ್ಷಿಸಿಕೊಳ್ಳಿ. ಜಾಹೀರಾತಿನವರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕೆಲಸದ ಖಾತರಿಯನ್ನು ಲಿಖಿತವಾಗಿ, ಶುಲ್ಕ ಹಿಂದಿರುಗಿಸುವ ಷರತ್ತಿನ ಸಮೇತ ಕೊಡಿ ಎಂದು ಕೇಳಿ ನೋಡಿ. ಕಂತಿನಲ್ಲಿ ಕಟ್ಟಬಹುದು ಎಂದು ಅವರು ಹೇಳುವಾಗ ನಿಮ್ಮ ಹೆಸರಿನಲ್ಲಿ ಸಾಲವೊಂದು ಮಂಜೂರಾಗುತ್ತಿದೆಯೇ ಎಂಬುದನ್ನು ಓದಿ ನೋಡದೆ ಒಟಿಪಿ ಹೇಳಬೇಡಿ.

ಪ್ರಶ್ನೆ: ನಾನು ವಾಸ್ಕೋದಲ್ಲಿ ಬಿಸಿಎ ಎರಡನೆಯ ವರ್ಷ ಓದುತ್ತಿದ್ದೇನೆ. ತಂದೆ ಬಾಗಲಕೋಟೆ ಕಡೆಯಿಂದ ಬಂದು ಇಲ್ಲಿ ಕಟ್ಟಡದ ಮೇಸ್ತ್ರಿಯಾಗಿದ್ದಾರೆ. ಚಾಟ್‌ಜಿಪಿಟಿಯೇ ಪ್ರೋಗ್ರಾಂ ಬರೆದುಕೊಡುವಾಗ ನಾವು ಕಲಿಯುವುದು ಏಕೆ, ಕಲಿತರೂ ಕೆಲಸ ಸಿಗುತ್ತದೆಯೇ?

ಉತ್ತರ: 1957ರಲ್ಲಿ ಐಬಿಎಂನಲ್ಲಿ ಜಾನ್ ಬ್ಯಾಕಸ್ ಅವರ ತಂಡ ಫೋರ್‌ಟ್ರಾನ್ ಭಾಷೆಯನ್ನು ಹೊರತಂದಾಗ ಅದನ್ನು ‘ಸ್ವಯಂಚಾಲಿತ ಪ್ರೋಗ್ರಾಮಿಂಗ್’ ಎಂದೇ ಕರೆಯುತ್ತಿದ್ದರು, ಅದುವರೆಗೆ ಯಂತ್ರಭಾಷೆಯಲ್ಲಿ ಕೈಯಾರೆ ಬರೆಯಬೇಕಾಗಿದ್ದುದನ್ನು ಕಂಪೈಲರ್ ತಾನೇ ಬರೆಯತೊಡಗಿತು. ಕೆಲಸ ಹೋಗಲಿಲ್ಲ, ಅದರ ಸ್ವರೂಪ ಬದಲಾಯಿತು. ಆದರೆ ಈ ಹಳೆಯ ಉದಾಹರಣೆಯನ್ನು ತೋರಿಸಿ ನಿಮ್ಮನ್ನು ಸಮಾಧಾನಪಡಿಸುವುದು ಪೂರ್ತಿ ಪ್ರಾಮಾಣಿಕವಾಗದು, ಏಕೆಂದರೆ 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಸಣ್ಣಪುಟ್ಟ ಪ್ರೋಗ್ರಾಂ ಬರೆಯುವುದು, ಒಂದೇ ಬಗೆಯ ಪರೀಕ್ಷೆಗಳನ್ನು ಮತ್ತೆ ಮತ್ತೆ ಓಡಿಸುವುದು ಮುಂತಾದ, ಹೊಸಬರಿಗೆಂದೇ ಮೀಸಲಾಗಿದ್ದ ಕೆಲಸಗಳ ಮೇಲೆ ಒತ್ತಡ ಬಿದ್ದಿರುವುದು ನಿಜ. ಬರೆದದ್ದು ಸರಿಯೇ ಎಂದು ಪರಿಶೀಲಿಸಬಲ್ಲವರಿಗೆ ಬೆಲೆ ಇದೆ, ಅದು ಇಳಿಯುವ ಲಕ್ಷಣ ನನಗೆ ಕಾಣುತ್ತಿಲ್ಲ.

ನಿಮಗೆ ಈಗಾಗಲೇ ಪಾಠವಾಗಿರುವ ಬೈನರಿ ಸರ್ಚನ್ನೇ ನೋಡಿ. ಕ್ರಮವಾಗಿ ಜೋಡಿಸಿದ ಪಟ್ಟಿಯನ್ನು ಪ್ರತಿ ಬಾರಿ ಅರ್ಧಕ್ಕೆ ಇಳಿಸುತ್ತ ಹುಡುಕುವ ವಿಧಾನ ಅದು. ಪಟ್ಟಿಯ ನಡುವಿನ ಸ್ಥಾನವನ್ನು ಹುಡುಕಲು ಆದಿ ಮತ್ತು ಅಂತ್ಯದ ಸ್ಥಾನಗಳನ್ನು ಕೂಡಿಸಿ ಎರಡರಿಂದ ಭಾಗಿಸಿ ಎಂದು ಪುಸ್ತಕ ಹೇಳುತ್ತದೆ. ಆದರೆ 32 ಬಿಟ್‌ಗಳ ಪೂರ್ಣಾಂಕದಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 214 ಕೋಟಿ 74 ಲಕ್ಷದಷ್ಟು. ಆದಿ 120 ಕೋಟಿ, ಅಂತ್ಯ 160 ಕೋಟಿ ಇದ್ದರೆ ಮೊತ್ತ 280 ಕೋಟಿಯಾಗಿ, ಮಿತಿ ಮೀರಿ, ಜಾವಾದಲ್ಲಿ ಋಣ ಸಂಖ್ಯೆಯಾಗಿ ತಿರುಗುತ್ತದೆ. ಪ್ರೋಗ್ರಾಂ ಅಲ್ಲಿಗೆ ಕುಸಿಯುತ್ತದೆ. ಈ ದೋಷ ಜಾವಾ ಭಾಷೆಯ ಅಧಿಕೃತ ಲೈಬ್ರರಿಯಲ್ಲೇ (ಸಿದ್ಧ ಪ್ರೋಗ್ರಾಂಗಳ ಸಂಗ್ರಹದಲ್ಲೇ) ಸುಮಾರು ಒಂಬತ್ತು ವರ್ಷ ಯಾರ ಕಣ್ಣಿಗೂ ಬೀಳದೆ ಇತ್ತು, ಮತ್ತು ಆ ಭಾಗವನ್ನು ಬರೆದಿದ್ದ ಜೋಶುವಾ ಬ್ಲಾಕ್ ಅವರೇ 2006ರಲ್ಲಿ ಅದನ್ನು ಬಹಿರಂಗವಾಗಿ ವಿವರಿಸಿದರು. ಅಂತ್ಯದಿಂದ ಆದಿಯನ್ನು ಕಳೆದು, ಅರ್ಧ ಮಾಡಿ, ಆದಿಗೆ ಕೂಡಿಸಿದರೆ ತೊಂದರೆಯೇ ಇಲ್ಲ. ಯಂತ್ರ ಬರೆದುಕೊಟ್ಟ ಸಾಲಿನಲ್ಲಿ ಇಂಥದ್ದು ಅಡಗಿದ್ದರೆ ಹಿಡಿಯಬಲ್ಲಿರಾ ಎಂಬುದೇ ನಿಮ್ಮ ಓದಿನ ಪರೀಕ್ಷೆ. ಅದಕ್ಕೆ ಕಾಲೇಜಿನ ಪ್ರಯೋಗಗಳನ್ನು ಮೊದಲು ನೀವೇ ಬರೆದು, ಅನಂತರ ಚಾಟ್‌ಜಿಪಿಟಿಗೆ ತೋರಿಸಿ, ಅದು ಹೇಳಿದ ತಿದ್ದುಪಡಿ ಏಕೆ ಸರಿ ಅಥವಾ ಏಕೆ ತಪ್ಪು ಎಂದು ನೋಟ್‌ಪುಸ್ತಕದಲ್ಲಿ ಬರೆದಿಡುವ ಅಭ್ಯಾಸ ಮಾಡಿಕೊಳ್ಳಿ. ಈ ಕ್ರಮವನ್ನು ತಿರುಗುಮುರುಗು ಮಾಡಿದರೆ ಮೂರು ವರ್ಷ ಕಳೆದರೂ ಕೈಗೆ ಏನೂ ಹತ್ತುವುದಿಲ್ಲ.

ಬಿಸಿಎಗೇ ನಿಲ್ಲಬೇಡಿ ಎಂಬುದು ನನ್ನ ಸಲಹೆ. ಗೋವಾ ವಿಶ್ವವಿದ್ಯಾಲಯದಲ್ಲಿ ಎಂಸಿಎ ಇದೆ. ಎನ್‌ಐಟಿಗಳ ಎಂಸಿಎಗೆ ನಿಮ್‌ಸೆಟ್ ಎಂಬ ಪ್ರವೇಶ ಪರೀಕ್ಷೆಯಿದ್ದು ಅದರಲ್ಲಿ ಅತಿ ಹೆಚ್ಚು ಅಂಕ ಗಣಿತಕ್ಕೆ. ತಂದೆಯವರ ಮೇಲಿನ ಭಾರದ ಚಿಂತೆ ನಿಮ್ಮ ಪತ್ರದುದ್ದಕ್ಕೂ ಕಾಣುವುದರಿಂದ ಹೇಳುತ್ತೇನೆ, ಸರ್ಕಾರಿ ಸಂಸ್ಥೆಯ ಸೀಟು ಸಿಕ್ಕರೆ ವಿದ್ಯಾರ್ಥಿವೇತನದ ಅರ್ಜಿಯನ್ನು ಪ್ರವೇಶದ ವಾರದಲ್ಲೇ ಹಾಕಿ, ಗಡುವಿನ ದಿನದವರೆಗೆ ಕಾಯಬೇಡಿ.

ಪ್ರಶ್ನೆ: ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದಲ್ಲಿ ಎಂ.ಎ. ಮುಗಿಸಿ ಈಗ ಪುಣೆಯಲ್ಲಿ ನೆಲೆಸಿದ್ದೇನೆ. ಕನ್ನಡಕ್ಕೂ ಕೃತಕ ಬುದ್ಧಿಮತ್ತೆಗೂ ಸಂಬಂಧಿಸಿದ ಕೆಲಸ ಮಾಡುವ ಆಸೆ. ನನ್ನಂಥವರಿಗೆ ಅಲ್ಲಿ ಸ್ಥಾನವಿದೆಯೇ?

ಉತ್ತರ: ಇದೆ, ಮತ್ತು ನೀವು ಅದಕ್ಕೆ ತಕ್ಕ ಊರಿನಲ್ಲಿಯೇ ಇದ್ದೀರಿ. 1988ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ, ಕೇಂದ್ರ ಸರ್ಕಾರದ ಗಣಕ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ ಅನ್ನು ಜನ 1991ರ ಪರಮ್ 8000 ಸೂಪರ್‌ಕಂಪ್ಯೂಟರಿಗಾಗಿ ನೆನೆಯುತ್ತಾರೆ. ಭಾರತೀಯ ಲಿಪಿಗಳನ್ನು ಕಂಪ್ಯೂಟರಿನಲ್ಲಿ ಮೂಡಿಸಿದ, ಐಐಟಿ ಕಾನ್ಪುರದಲ್ಲಿ ಮೊಳೆತ ಜಿಸ್ಟ್ ತಂತ್ರಜ್ಞಾನ ಬೆಳೆದದ್ದೂ ಅಲ್ಲಿಯೇ ಎಂಬುದು ಅಷ್ಟಾಗಿ ಪ್ರಚಾರಕ್ಕೆ ಬರಲಿಲ್ಲ. ಪವಾಯಿಯ ಐಐಟಿಯಲ್ಲಿ ಭಾರತೀಯ ಭಾಷೆಗಳ ತಂತ್ರಜ್ಞಾನಕ್ಕೆಂದೇ ಕೇಂದ್ರವಿದ್ದು, ಪದಗಳ ಅರ್ಥಸಂಬಂಧಗಳನ್ನು ಜೋಡಿಸುವ ಇಂಡೋವರ್ಡ್‌ನೆಟ್ ಎಂಬ ಪದಜಾಲದಲ್ಲಿ ಕನ್ನಡವೂ ಸೇರಿದೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ ಪಠ್ಯ ಮತ್ತು ಧ್ವನಿಯ ಸಂಗ್ರಹಗಳನ್ನು ಸಿದ್ಧಪಡಿಸುತ್ತದೆ. ಐಐಟಿ ಮದ್ರಾಸಿನ ಎಐ4ಭಾರತ್ ತಂಡ 2023ರಲ್ಲಿ ಹೊರತಂದ ಇಂಡಿಕ್‌ಟ್ರಾನ್ಸ್2 ಎಂಬ ಅನುವಾದ ಮಾದರಿ ಸಂವಿಧಾನದ ಎಂಟನೆಯ ಪರಿಚ್ಛೇದದ 22 ಭಾಷೆಗಳಲ್ಲಿ ಕೆಲಸ ಮಾಡುತ್ತದೆ.

ಭಾಷೆ ಬಲ್ಲವರು ಅಲ್ಲಿ ಏಕೆ ಬೇಕು? ‘ಕನ್ನಡ’ ಎಂದು ಬರೆದರೆ ನಮ್ಮ ಕಣ್ಣಿಗೆ ಮೂರು ಅಕ್ಷರ. ಲಿಪಿಗಳ ಅಕ್ಷರಗಳಿಗೆಲ್ಲ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಅದು ಐದು ಸಂಕೇತಗಳಾಗಿ ಕೂರುತ್ತದೆ: ಕ, ನ, ಸ್ವರವನ್ನು ತೆಗೆಯುವ ಹಲಂತ ಚಿಹ್ನೆ (್), ಮತ್ತೆ ನ, ಡ. ಪೈಥಾನ್‌ನಲ್ಲಿ ಆ ಪದದ ಉದ್ದ ಕೇಳಿದರೆ ಐದು ಎಂದೇ ಉತ್ತರ ಬರುತ್ತದೆ. ಆ ಸಂಕೇತಗಳನ್ನು ಕಂಪ್ಯೂಟರಿನಲ್ಲಿ ಕಾಪಿಡುವ ಯುಟಿಎಫ್-8 ಕ್ರಮದಲ್ಲಿ ಪ್ರತಿ ಸಂಕೇತಕ್ಕೆ ಮೂರು ಬೈಟ್, ಒಟ್ಟು 15. ಇಂಗ್ಲಿಷಿನ ಐದಕ್ಷರದ ಪದಕ್ಕೆ ಐದೇ ಬೈಟ್ ಸಾಕು. ಚಾಟ್‌ಜಿಪಿಟಿಯಂಥವುಗಳ ಹಿಂದಿರುವ ದೊಡ್ಡ ಭಾಷಾ ಮಾದರಿಗಳು ಪಠ್ಯವನ್ನು ಚೂರು ಚೂರಾಗಿ ಕತ್ತರಿಸಿಕೊಂಡು ಕಲಿಯುವುದರಿಂದ, ಹೆಚ್ಚಾಗಿ ಇಂಗ್ಲಿಷನ್ನೇ ನೋಡಿ ಕತ್ತರಿಸಲು ಕಲಿತ ಮಾದರಿ ಕನ್ನಡವನ್ನು ಅರ್ಥವಿಲ್ಲದ ಕಡೆ ತುಂಡರಿಸುತ್ತದೆ. ಅದರ ಮೇಲೆ ನಮ್ಮ ಸಂಧಿ ಮತ್ತು ಪ್ರತ್ಯಯಗಳು: ‘ಮನೆಯಲ್ಲಿದ್ದವರಿಗೂ’ ಎಂಬ ಒಂದೇ ಪದದಲ್ಲಿ ಸ್ಥಳ, ಇರವು, ವ್ಯಕ್ತಿ, ಚತುರ್ಥಿ ವಿಭಕ್ತಿ, ಕೊನೆಯ ಊಕಾರ ಎಲ್ಲವೂ ಅಡಕವಾಗಿವೆ. ಎಲ್ಲಿ ಬಿಡಿಸಬೇಕು, ಕುಂದಾಪುರದ ಮಾತಿನಲ್ಲಿ ಅದೇ ರೂಪ ಹೇಗೆ ಬದಲಾಗುತ್ತದೆ, ಧಾರವಾಡದಲ್ಲಿ ಹೇಗೆ ಎಂಬುದನ್ನು ಹೇಳಲು ವ್ಯಾಕರಣ ಓದಿದವರೇ ಬೇಕು. ಎಂ.ಎ.ಯಲ್ಲಿ ನೀವು ಬೇಸರದಿಂದ ಓದಿರಬಹುದಾದ ಭಾಷಾವಿಜ್ಞಾನದ ಪತ್ರಿಕೆ ಇಲ್ಲಿ ಬಂಡವಾಳವಾಗುತ್ತದೆ.

ಆದರೆ ಕನ್ನಡ ಮಾತ್ರ ಸಾಲದು. ಪೈಥಾನ್ ಮತ್ತು ಮೂಲಭೂತ ಸಂಖ್ಯಾಶಾಸ್ತ್ರವನ್ನು ಒಂದು ವರ್ಷದ ಗಡುವು ಹಾಕಿಕೊಂಡು ಕಲಿಯಿರಿ. ಭಾಷಾವಿಜ್ಞಾನವನ್ನು ಇನ್ನಷ್ಟು ಗಟ್ಟಿ ಮಾಡಿಕೊಳ್ಳಬೇಕೆನಿಸಿದರೆ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಆ ವಿಷಯದ ಎಂ.ಎ. ಇದೆ. ಅದಕ್ಕೂ ಮೊದಲು, ಯಾರ ಅಪ್ಪಣೆಗೂ ಕಾಯದೆ ಮಾಡಬಹುದಾದ ಕೆಲಸವೆಂದರೆ, ನೂರು ಕನ್ನಡ ವಾಕ್ಯಗಳನ್ನು ಯಂತ್ರದಿಂದ ಇಂಗ್ಲಿಷಿಗೂ ಮರಾಠಿಗೂ ಅನುವಾದ ಮಾಡಿಸಿ, ತಪ್ಪುಗಳನ್ನು ಸಂಧಿಯದು, ವಿಭಕ್ತಿಯದು, ಗೌರವವಾಚಕದ್ದು, ನುಡಿಗಟ್ಟಿನದು ಎಂದು ವರ್ಗೀಕರಿಸಿದ ಒಂದು ಪಟ್ಟಿ. ಕೆಲಸ ಕೇಳಲು ಹೋದಾಗ ಆ ಪಟ್ಟಿಯನ್ನೇ ಮುಂದಿಡಿ.

ಪ್ರಶ್ನೆ: ಮಗ ಕಂಪ್ಯೂಟರ್ ಎಂಜಿನಿಯರಿಂಗ್ ಸೇರಿದ್ದಾನೆ. ಎಐಗೆ ಬೇಕೆಂದು ದುಬಾರಿ ಗೇಮಿಂಗ್ ಲ್ಯಾಪ್‌ಟಾಪ್ ಕೇಳುತ್ತಿದ್ದಾನೆ. ಕೊಡಿಸಲೇಬೇಕೇ? (ವಿರಾರ್‌ನ ತಾಯಿಯೊಬ್ಬರು)

ಉತ್ತರ: ಕೊಡಿಸಬೇಕಾಗಿಲ್ಲ. ಮೊದಲ ಎರಡು ವರ್ಷಗಳ ಯಾವ ಪತ್ರಿಕೆಗೂ ಗ್ರಾಫಿಕ್ಸ್ ಕಾರ್ಡ್ ಬೇಡ. 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ ಇರುವ ಸಾಧಾರಣ ಯಂತ್ರ ಸಾಕು. ಎಐ ಮಾದರಿಗಳನ್ನು ತರಬೇತಿಗೊಳಿಸುವ ಅಭ್ಯಾಸಕ್ಕೆ ಗೂಗಲ್ ಕೊಲ್ಯಾಬ್ ಮತ್ತು ಕ್ಯಾಗಲ್‌ಗಳಲ್ಲಿ ಸೀಮಿತ ಅವಧಿಗೆ ಜಿಪಿಯು (ಗ್ರಾಫಿಕ್ಸ್ ಕಾರ್ಡಿನ ಚಿಪ್) ಉಚಿತವಾಗಿ ಸಿಗುತ್ತದೆ. ಗೇಮಿಂಗ್ ಯಂತ್ರಗಳು ಭಾರ, ಬ್ಯಾಟರಿಯೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ವಿರಾರ್ ಲೋಕಲ್‌ನ ಬೆಳಗಿನ ಗದ್ದಲದಲ್ಲಿ ಅದನ್ನು ಬೆನ್ನಿಗೆ ಹಾಕಿಕೊಂಡು ನಿಲ್ಲುವುದು ಹೇಗೆ ಎಂದು ಅವನನ್ನೇ ಕೇಳಿ. ಮೂರನೆಯ ವರ್ಷದ ಪ್ರಾಜೆಕ್ಟಿಗೆ ನಿಜವಾಗಿಯೂ ಬೇಕಾದರೆ ಮೊದಲು ವಿಭಾಗದ ಪ್ರಯೋಗಾಲಯದ ಯಂತ್ರಕ್ಕೆ ಅರ್ಜಿ ಹಾಕಲಿ. ಅದು ಸಿಗದಿದ್ದರೆ ಆಗ ಕೊಳ್ಳುವ ವಿಚಾರ ಮಾಡಬಹುದು.